ಐದು ಕುರ್ಚಿ, ಇನ್ನೊಂದು ಮಾವನದು

ಈ ದೇಶದ ಸಂವಿಧಾನವನ್ನು ಬರೆದವರು ಯಾರೋ ದೊಡ್ಡವರು ಇರಬಹುದು. ಆದರೆ ಅದನ್ನು ದಿನಾ ಬೆಳಿಗ್ಗೆ ಕೂರಿಸಿ ಸಂಜೆ ಎಬ್ಬಿಸುವವನು ನಾನು. ನಂಬದಿದ್ದರೆ ಬಿಡಿ, ನನ್ನ ಹೆಂಡತಿಯೂ ನಂಬುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನ್ಯಾಯಾಲಯದ ಒಂದನೇ ಕೋರ್ಟ್ ಹಾಲಿನಲ್ಲಿ ಮುಖ್ಯ ನ್ಯಾಯಮೂರ್ತಿಗಳ ದಫೇದಾರ ನಾನು. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಧರಿಸಿ ಅವರ ಮುಂದೆ ನಡೆಯುವುದು, ಅವರ ಕುರ್ಚಿ ಹಿಂದಕ್ಕೆ ಎಳೆಯುವುದು, ಅವರು ಕೂರುವ ಗಳಿಗೆಗೆ ಸರಿಯಾಗಿ ಮುಂದಕ್ಕೆ ತಳ್ಳುವುದು, ಏಳುವಾಗ ಮತ್ತೆ ಎಳೆಯುವುದು. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದು ಸಲ ಬಂದು ಎಳೆದು ನೋಡಲಿ.

ಕೂರುವಾಗ ನ್ಯಾಯಮೂರ್ತಿಗಳು ಹಿಂದೆ ತಿರುಗಿ ನೋಡುವುದಿಲ್ಲ. ನೀವೂ ನಾನೂ ಕೂರುವ ಮುಂಚೆ ಒಂದು ಕೈ ಹಿಂದೆ ಆಡಿಸಿ ಕುರ್ಚಿ ಇದೆಯೋ ಇಲ್ಲವೋ ಎಂದು ನೋಡುತ್ತೇವೆ. ಅವರು ನೋಡುವುದಿಲ್ಲ. ಎದುರಿಗಿರುವ ಜನಕ್ಕೆ ನಮಸ್ಕರಿಸಿ, ಕಣ್ಣು ಮುಂದಿಟ್ಟುಕೊಂಡು, ಗಾಳಿಯಲ್ಲಿ ಕೂತುಬಿಡುತ್ತಾರೆ. ಆ ಗಾಳಿಗೂ ನೆಲಕ್ಕೂ ನಡುವೆ ಇರುವವನು ನಾನೊಬ್ಬನೇ. ಇಡೀ ಪ್ರಜಾಪ್ರಭುತ್ವ ನಿಂತಿರುವುದು ಈ ನಂಬಿಕೆಯ ಮೇಲೆ ಎಂದು ನಾನು ಹೇಳಿದರೆ ಮನೆಯಲ್ಲಿ ನಗುತ್ತಾರೆ.

ಐವರು ಕೂರುವ ಪೀಠವಾದರೆ ಹಿಂದೆ ಐವರು ದಫೇದಾರರು. ಉಳಿದ ನಾಲ್ವರ ಕಣ್ಣು ನನ್ನ ಕೈ ಮೇಲೆ. ನನ್ನ ಕೈ ಹಿಂದೆ ಸರಿದರೆ ಐದು ಕುರ್ಚಿಗಳೂ ಹಿಂದೆ ಸರಿಯಬೇಕು, ಐದರ ಸದ್ದೂ ಒಂದೇ ಸದ್ದಾಗಿ ಕೇಳಬೇಕು. ಬೆನ್ನ ಹಿಂದೆ ಕುರ್ಚಿ ಅಲುಗಿತೆಂದರೆ ಕಲಾಪ ಮುಗಿಯಿತು ಎಂದೇ ನ್ಯಾಯಮೂರ್ತಿಗಳಿಗೆ ರೂಢಿ. ಎದ್ದುಬಿಡುತ್ತಾರೆ. ಅವರು ಎದ್ದರೆ ಹಾಲು ಏಳುತ್ತದೆ. ಅಂದರೆ ದೇಶ ಏಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿದ್ಯೆ ನನಗೆ ಒಲಿದಿದೆ. ವಕೀಲರು, ಪತ್ರಿಕೆಯವರು ನ್ಯಾಯಮೂರ್ತಿಗಳ ಮುಖ ನೋಡುತ್ತಾರೆ. ಮುಖ ಸುಳ್ಳು ಹೇಳುತ್ತದೆ. ನಾನು ಕುತ್ತಿಗೆ ನೋಡುವವನು. ಕತ್ತಿನ ಹಿಂದಿನ ಮಡಿಕೆ ಕೆಂಪಾಯಿತೋ, ಬಿಗಿಯಿತೋ, ಬೆವರಿತೋ, ಅಷ್ಟರಲ್ಲೇ ತೀರ್ಪು ಏನೆಂದು ಹೇಳಬಲ್ಲೆ. ಇಂತಹ ಮನುಷ್ಯನಿಗೆ ಹೆಂಡತಿಯ ತವರಿನಲ್ಲಿ ಏನು ಮರ್ಯಾದೆ ಸಿಗಬೇಕಿತ್ತು, ನೀವೇ ಹೇಳಿ. ಸಿಗುತ್ತಿದ್ದದ್ದು ಒಂದು ಮಡಚುವ ಕುರ್ಚಿ ಮತ್ತು ಕೆನೆ ತೆಗೆದ ಹಾಲಿನ ಕಾಫಿ.

ಆ ಕೆನೆ ಹೋಗುತ್ತಿದ್ದದ್ದು ನನ್ನ ಷಡ್ಡಕನ ಲೋಟಕ್ಕೆ.

ನನ್ನ ಹೆಂಡತಿಯ ತಂಗಿಯ ಗಂಡ ಅವನು. ಮನೆಯಲ್ಲಿ ಎಲ್ಲರೂ ಅವನನ್ನು ಶೇಕಡಾ ಎಂದೇ ಕರೆಯುವುದು. ಜನಾಭಿಪ್ರಾಯ ಸಮೀಕ್ಷೆಯ ಕಚೇರಿ ಇಟ್ಟಿದ್ದ. ಹತ್ತಾರು ಹುಡುಗಿಯರು ಕಿವಿಗೆ ಫೋನು ಸಿಕ್ಕಿಸಿಕೊಂಡು, ಯಾರ್ಯಾರದೋ ಮನೆಗೆ ಕರೆ ಮಾಡಿ, ಇದಕ್ಕೆ ಹೌದೋ ಅದಕ್ಕೆ ಅಲ್ಲವೋ ಎಂದು ಕೇಳುವುದು, ಸಂಜೆ ಇವನು ಟಿವಿಯಲ್ಲಿ ಕೂತು ನೂರಕ್ಕೆ ಇಷ್ಟು ಜನ ಹೀಗಂದರು ಎನ್ನುವುದು. ಹಳದಿ ಕಂಬ, ನೀಲಿ ಕಂಬ, ನಡುವೆ ಇವನ ಹಲ್ಲು. ತನ್ನ ಹತ್ತಿರ ಖಾಯಂ ಜನರ ಒಂದು ಗುಂಪಿದೆ, ಅವರನ್ನೇ ತಿಂಗಳು ತಿಂಗಳು ಕೇಳುತ್ತೇನೆ, ಅದಕ್ಕೇ ದೇಶದ ಮನಸ್ಸು ಯಾವ ಕಡೆ ವಾಲುತ್ತಿದೆ ಎಂದು ತನಗೆ ಕೂದಲೆಳೆಯಷ್ಟೂ ತಪ್ಪದೆ ತಿಳಿಯುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅತ್ತೆ ಮಾತ್ರ ಅವನು ಟಿವಿಗೆ ಬರುವ ಹೊತ್ತಿಗೆ ಕನ್ನಡಕ ಒರೆಸಿಕೊಂಡು, ಬೀದಿ ಬಾಗಿಲು ತೆರೆದಿಟ್ಟು, ಪಕ್ಕದ ಮನೆಗೆ ಕೇಳುವಷ್ಟು ಸದ್ದು ಜಾಸ್ತಿ ಮಾಡಿ ಕೂರುತ್ತಿದ್ದರು. ನಮ್ಮ ಒಂದನೇ ಹಾಲನ್ನೂ ಟಿವಿಯಲ್ಲಿ ತೋರಿಸುತ್ತಾರೆ. ನಾನೂ ಬರುತ್ತೇನೆ, ಮೊಣಕೈವರೆಗೆ. ಕುರ್ಚಿಯ ಹಿಂದೆ ಕಾಣುವ ಆ ಕೈ ನನ್ನದು ಅತ್ತೆ ಎಂದು ಒಮ್ಮೆ ಬೆರಳಿಟ್ಟು ತೋರಿಸಿದೆ. ಅವರು ಅಂಗಿ ತೋಳು ಇಸ್ತ್ರಿ ಆಗಿಲ್ಲ ಎಂದರು.

ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಉರಿಯಲ್ಲಿ ಇಡೀ ಬೀದಿಗೆ ನೀರು ಕಾಯಿಸಬಹುದಿತ್ತು.

ಉರಿ ಹೆಚ್ಚಲು ಮಾವನ ಕುರ್ಚಿ ಕಾರಣ. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರು ಹೋದ ಮೇಲೆ ಅವರು ಕೂರುತ್ತಿದ್ದ, ಎರಡೂ ಕಡೆ ಕೈ ಇರುವ ದೊಡ್ಡ ಕುರ್ಚಿ ಕಿಟಕಿಯ ಪಕ್ಕ ಹಾಗೇ ಇತ್ತು. ಅದರ ಮೇಲೆ ಅತ್ತೆ ಒಗೆದ ಬಟ್ಟೆ ಮಡಚಿಡುತ್ತಿದ್ದರು. ಯಾರಾದರೂ ಕೂರಲು ಹೋದರೆ ಬಟ್ಟೆ ಇದೆ ಎನ್ನುವರು. ಮನೆಗೆ ಗಂಡುಮಗನಿಲ್ಲ, ಮೂವರೂ ಹೆಣ್ಣುಮಕ್ಕಳು. ಆ ಕುರ್ಚಿ ಒಬ್ಬ ಅಳಿಯನಿಗೆ ಸಲ್ಲಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ತಿಳಿದಿದ್ದ ಮಾತು. ದೊಡ್ಡ ಅಳಿಯ ನಾನು, ಕುರ್ಚಿಯಲ್ಲೇ ಹುಟ್ಟಿ ಕುರ್ಚಿಯಲ್ಲೇ ಬೆಳೆದವನು. ಆದರೆ ಶೇಕಡಾ ಬಂದ ದಿನ ಮಾತ್ರ ಆ ಬಟ್ಟೆಯ ಗಂಟು ಸ್ವಲ್ಪ ಸಣ್ಣದಾಗಿರುತ್ತಿತ್ತು. ನನ್ನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

ಇನ್ನು ಮೂರನೆಯವಳು, ನನ್ನ ಕಿರಿ ನಾದಿನಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅವಳು ಮನಸ್ಸು ಕೊಟ್ಟದ್ದು ಆಸ್ಪತ್ರೆಯ ಎದುರಿನ ಕನ್ನಡಕದಂಗಡಿಯವನಿಗೆ. ಇವಳು ಜನರ ಒಳಗನ್ನು ನೋಡುವವಳು, ಅವನು ಜನರಿಗೆ ಹೊರಗನ್ನು ತೋರಿಸುವವನು, ಜೋಡಿ ಚೆನ್ನಾಗಿಯೇ ಇತ್ತು. ತೊಡಕು ಒಂದೇ: ಅವನ ಧರ್ಮ ಬೇರೆ. ಬೇರೆ ಬೇರೆ ಧರ್ಮದವರು ಮದುವೆಯಾಗಬೇಕಾದರೆ, ಅವರಿಗೆ ಎಷ್ಟೇ ವಯಸ್ಸಾಗಿರಲಿ, ಎರಡೂ ಮನೆಯ ಹಿರಿಯರು ನೋಂದಣಿ ಕಚೇರಿಗೆ ಬಂದು ಒಪ್ಪಿಗೆಯ ಸಹಿ ಹಾಕಬೇಕು ಎಂದು ನಮ್ಮಲ್ಲಿ ಕಾನೂನು. ಅವನ ತಂದೆ ಹಾಕಲು ಸಿದ್ಧ. ಅತ್ತೆ ಸಿದ್ಧವಿಲ್ಲ.

ಹುಡುಗನ ಮೇಲೆ ಅತ್ತೆಗೆ ಕೋಪವಿರಲಿಲ್ಲ. ಅವರು ಹಾಕಿಕೊಳ್ಳುತ್ತಿದ್ದ ಕನ್ನಡಕವೇ ಅವನದು. ಆದರೆ ಸಹಿಯ ಮಾತು ಬಂದರೆ ಗೋಡೆ ನೋಡುತ್ತಿದ್ದರು. ಜನ ಏನಂತಾರೆ ಎನ್ನುತ್ತಿದ್ದರು.

ನಾದಿನಿ ಜಗಳ ಮಾಡುವವಳಲ್ಲ. ಒಂದು ಭಾನುವಾರ ಎಲ್ಲರ ಮುಂದೆ ತಣ್ಣಗೆ ಹೇಳಿದಳು. ಆ ಕಾನೂನು ಸಂವಿಧಾನಕ್ಕೆ ಸರಿಯೋ ತಪ್ಪೋ ಎಂದು ಭಾವನ ಕೋರ್ಟಿನಲ್ಲಿ ಐದು ಜನ ಕೂತು ಕೇಳುತ್ತಿದ್ದಾರೆ. ತೀರ್ಪು ಬರುವ ತನಕ ಕಾಯುತ್ತೇನೆ. ಕಾನೂನು ಬಿದ್ದರೆ ನಿಮ್ಮ ಸಹಿ ಇಲ್ಲದೆ ಮದುವೆಯಾಗುತ್ತೇನೆ. ಉಳಿದರೆ, ನನಗಾಗಿ ಕಾಯಬೇಡ, ಬೇರೆ ಯಾರನ್ನಾದರೂ ನೋಡಿಕೋ ಎಂದು ಅವನಿಗೆ ಹೇಳಿಬಿಡುತ್ತೇನೆ. ಇಷ್ಟು ಹೇಳಿ ಲೋಟ ತೊಳೆಯಲು ಹೋದಳು. ಒಳಗೆ ನಲ್ಲಿ ಬಹಳ ಹೊತ್ತು ಸುರಿಯಿತು.

ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ತೀರ್ಪು ಏನಾಗುತ್ತೆ ಅಂತೀರಿ?"

ನನ್ನನ್ನು ಕೇಳಿದ್ದು ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶೇಕಡಾ ಶುರು ಮಾಡಿದ್ದ. ನೂರಕ್ಕೆ ಅರವತ್ತು ಜನ ಕಾನೂನು ಇರಲಿ ಅನ್ನುತ್ತಿದ್ದಾರೆ, ಅಷ್ಟು ಜನರ ವಿರುದ್ಧ ಯಾವ ಕೋರ್ಟೂ ಹೋಗುವುದಿಲ್ಲ, ನ್ಯಾಯಮೂರ್ತಿಗಳೂ ಪೇಪರ್ ಓದುತ್ತಾರೆ, ಅವರ ಮನೆಯಲ್ಲೂ ಅತ್ತೆಯಂದಿರು ಇರುತ್ತಾರೆ ಎಂದ. ಅತ್ತೆ ನಕ್ಕರು.

ನಾನು ಬಿಡಲಿಲ್ಲ. ಕೋರ್ಟಿಗೆ ಜನರನ್ನು ಎಣಿಸುವ ಕೆಲಸ ಕೊಟ್ಟಿಲ್ಲ, ಕಾನೂನು ಬಿದ್ದೇ ಬೀಳುತ್ತದೆ, ಅದೂ ಐವರೂ ಸೇರಿ ಒಂದೇ ಬಾಯಲ್ಲಿ, ದೊಡ್ಡ ಸಾಹೇಬರೇ, ಅಂದರೆ ಮುಖ್ಯ ನ್ಯಾಯಮೂರ್ತಿಗಳೇ, ತೀರ್ಪು ಬರೆಯುತ್ತಾರೆ, ಅವರ ಕುತ್ತಿಗೆ ನಾನು ನೋಡಿದ್ದೇನೆ ಎಂದೆ.

"ಕುತ್ತಿಗೆನಾ ಅಣ್ಣಾ?" ಎಂದ ಶೇಕಡಾ, ಬಹಳ ವಿನಯದಿಂದ. "ಎಷ್ಟು ಕುತ್ತಿಗೆ ಕೇಳಿದ್ರಿ?"

ನನ್ನ ಹೆಂಡತಿಯೂ ನಕ್ಕಳು. ಅದನ್ನು ನಾನು ಇವತ್ತಿನವರೆಗೂ ಮರೆತಿಲ್ಲ.

ಅತ್ತೆ ಕುರ್ಚಿಯ ಮೇಲಿನ ಬಟ್ಟೆಯ ಮೇಲೆ ಕೈಯಿಟ್ಟು, ಯಾರ ಮಾತು ನಿಜವಾಗುತ್ತದೋ ಅವರು ಇದರಲ್ಲಿ ಕೂರಲಿ ಎಂದುಬಿಟ್ಟರು. ತಮಾಷೆಗೆ ಅಂದರೋ ನಿಜಕ್ಕೆ ಅಂದರೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಕೋರ್ಟು ಏನು ಬೇಕಾದ್ರೂ ಹೇಳ್ಲಿ ಕಣ್ರೀ. ಬೆಳಿಗ್ಗೆ ಹಾಲು ತರೋಕೆ ಹೋದ್ರೆ ಎದುರಿಗೆ ಸಿಗೋದು ಜಡ್ಜ್ ಅಲ್ಲ, ಪಕ್ಕದ್ಮನೆಯವಳು."

ವಾದದ ಕೊನೆಯ ದಿನ ಬಂತು. ಹಾಲಿನಲ್ಲಿ ಸೂಜಿ ಊರಲು ಜಾಗವಿಲ್ಲ. ಕಿಟಕಿಯ ಮೇಲೆ ಜನ ಕೂತಿದ್ದರು, ಫ್ಯಾನಿನ ರೆಕ್ಕೆಗೆ ಒಬ್ಬ ಜೋತಾಡುತ್ತಿದ್ದ ಎಂದರೂ ನೀವು ನಂಬಬೇಕು. ಹೊರಗೆ ಎರಡು ಗುಂಪು, ಎರಡು ಬಣ್ಣದ ಫಲಕ, ನಡುವೆ ಪೊಲೀಸರು. ಅದೆಲ್ಲ ನನಗೆ ಲೆಕ್ಕಕ್ಕಿಲ್ಲ. ಆದರೆ ಮೊದಲ ಸಾಲಿನಲ್ಲಿ, ವಕೀಲರ ಬೆನ್ನಿಗೆ, ಹೊಸ ಕೋಟು ಹಾಕಿಕೊಂಡು ಕೂತಿದ್ದವನು ನನ್ನ ಷಡ್ಡಕ. ಕಾನೂನು ಉಳಿಯಬೇಕು ಎನ್ನುವ ಕಡೆಯ ವಕೀಲರು ಅವನ ಸಮೀಕ್ಷೆಯನ್ನು ವಾದಕ್ಕೆ ತಂದಿದ್ದರು.

ನನ್ನ ಹಾಲು. ನಾನು ಹಗಲೂ ಸಂಜೆಯೂ ನಿಂತು ಸವೆಸಿದ ಹಾಲು. ಅಲ್ಲಿಗೂ ಬಂದು ಕೂತಿದ್ದಾನೆ, ಅದೂ ಮೊದಲ ಸಾಲಿನಲ್ಲಿ.

ವಕೀಲರು ಏರುದನಿಯಲ್ಲಿ ಓದಿದರು. ನೂರಕ್ಕೆ ಅರವತ್ತು ಜನ ಈ ಕಾನೂನು ಬೇಕು ಅನ್ನುತ್ತಿದ್ದಾರೆ ಸ್ವಾಮಿ, ಇದನ್ನು ಮಾಡಿದ ಮಹನೀಯರು ಇಲ್ಲೇ ಇದ್ದಾರೆ ಎಂದರು. ಹಾಲಿಗೆ ಹಾಲೇ ಕತ್ತು ತಿರುಗಿಸಿ ಶೇಕಡಾನನ್ನು ನೋಡಿತು. ಅವನು ಕೋಟಿನ ಗುಂಡಿ ಮುಟ್ಟಿಕೊಂಡು ಅರ್ಧ ಎದ್ದು ಕೈ ಮುಗಿದ. ಅತ್ತೆ ಮನೆಯಲ್ಲಿ ಟಿವಿ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದಾರೆ, ಪಕ್ಕದ ಮನೆಯವಳನ್ನೂ ಕರೆದಿದ್ದಾರೆ ಎಂಬುದು ನನ್ನ ತಲೆಯೊಳಗೆ ಗರಗಸದಂತೆ ಆಡುತ್ತಿತ್ತು. ನಾನು ನೋಡಬೇಕಾದದ್ದು ದೊಡ್ಡ ಸಾಹೇಬರ ಕುತ್ತಿಗೆ. ನೋಡುತ್ತಿದ್ದದ್ದು ಆ ಗುಂಡಿ.

ಅಷ್ಟರಲ್ಲಿ ಕಣ್ಣಂಚಿನಲ್ಲಿ ದೊಡ್ಡ ಸಾಹೇಬರು ಕುರ್ಚಿಯಿಂದ ಸ್ವಲ್ಪ ಮೇಲೆದ್ದರು. ಬೆನ್ನು ಎದ್ದರೆ ಕೈ ಎಳೆಯುತ್ತದೆ, ಅದಕ್ಕೆ ನನ್ನನ್ನು ಕೇಳಬೇಕಾಗಿಲ್ಲ. ಅದೂ ಆ ದಿನ ಆ ಕೈಯಲ್ಲಿ ಹತ್ತು ಆನೆಯ ಸಿಟ್ಟಿತ್ತು. ಎಳೆದೆ. ನಾಲ್ವರು ದಫೇದಾರರು ನನ್ನ ಕೈ ಕಂಡರು, ಅವರೂ ಎಳೆದರು. ಐದು ಕುರ್ಚಿ, ಒಂದೇ ಸದ್ದು. ಅಷ್ಟು ಚೆಂದದ ಸದ್ದು ಹಿಂದೆ ಎಂದೂ ಬಂದಿರಲಿಲ್ಲ. ಉಳಿದ ನಾಲ್ವರು ನ್ಯಾಯಮೂರ್ತಿಗಳು ಕುರ್ಚಿ ಅಲುಗಿದ್ದೇ ಎದ್ದರು. ಅವರು ಎದ್ದದ್ದು ಕಂಡು ಹಾಲು ಎದ್ದಿತು. ವಕೀಲರ ಬಾಯಲ್ಲಿ ಅರ್ಧ ಮಾತು ಹಾಗೇ ಉಳಿಯಿತು. ದೊಡ್ಡ ಸಾಹೇಬರು ಒಂದು ಗಳಿಗೆ ಹಿಂದೆ ನೋಡಿದರು. ಅವರು ಹಿಂದೆ ತಿರುಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮತ್ತೆ ಕೂರಲು ಕುರ್ಚಿ ದೂರದಲ್ಲಿದೆ, ಇಡೀ ದೇಶ ಎದ್ದು ನಿಂತಿದೆ. ಅವರು ನಮಸ್ಕರಿಸಿ ನಡೆದರು. ನಾಲ್ವರು ಹಿಂಬಾಲಿಸಿದರು. ತೀರ್ಪು ಕಾಯ್ದಿರಿಸಲಾಗಿದೆ ಎಂದು ಆಮೇಲೆ ಒಳಗಿನಿಂದ ಹೇಳಿ ಕಳಿಸಿದರು.

ನಾವು ಹಿಂದಿನ ಬಾಗಿಲು ದಾಟುವ ಮೊದಲೇ ಹೊರಗೆ ಸುದ್ದಿ ಹಬ್ಬಿತ್ತು: ಜನರ ಅಭಿಪ್ರಾಯ ಓದಿದ ಕೂಡಲೇ ಐವರೂ ನ್ಯಾಯಮೂರ್ತಿಗಳು ಎದ್ದು ಹೊರನಡೆದರು.

ಅಂದು ಸಂಜೆ ಊರೆಲ್ಲ ಅದೇ ಮಾತು. ಒಂದು ಗುಂಪು, ನಮ್ಮನ್ನು ಕಸಕ್ಕಿಂತ ಕಡೆಯಾಗಿ ಕಂಡರು ಎಂದು ಕೂಗಿತು. ಇನ್ನೊಂದು ಗುಂಪು, ಬೆನ್ನುಮೂಳೆ ಇರುವ ನ್ಯಾಯಮೂರ್ತಿಗಳು ಎಂದು ಹೂಗುಚ್ಛ ತಂದಿತು. ಪತ್ರಿಕೆಗಳು ಆ ಎದ್ದು ನಿಂತದ್ದರ ಅರ್ಥವನ್ನು ಪುಟ ಪುಟ ಬರೆದವು. ಒಬ್ಬ ಪ್ರಾಧ್ಯಾಪಕರು, ಮಾತಿಲ್ಲದ ತೀರ್ಪು ಅದು ಎಂದರು. ನಾನು ಒಂದು ತೀರ್ಪು ಕೊಟ್ಟಿದ್ದೆ, ನೋಡಿ.

ಮರುದಿನ ದೊಡ್ಡ ಸಾಹೇಬರು ಒಳಕೋಣೆಗೆ ಕರೆದರು. ಅವರು ನನ್ನ ಬಿಲ್ಲೆಯನ್ನು ನೋಡಿದರು. ನಂತರ ಹೇಳಿದರು, "ನನ್ನ ಕಾಲು ಜೋಮು ಹಿಡಿದಿತ್ತು ಕಣಯ್ಯಾ."

ಹಾಗಂತ ಹೊರಗೆ ಹೇಳಿಬಿಡಬಹುದಲ್ಲ ಸ್ವಾಮಿ, ತಪ್ಪು ನನ್ನ ಕೈಯದು ಎಂದು ಹೇಳಿಬಿಡಿ ಎಂದೆ.

"ಈಗ ಯಾರು ನಂಬ್ತಾರೆ?" ಎಂದರು. "ಜೋಮು ಅಂದ್ರೆ ಅದಕ್ಕೂ ಒಂದು ಅರ್ಥ ಹಚ್ತಾರೆ. ಹೋಗು, ತೋಳಿಗೆ ಇಸ್ತ್ರಿ ಮಾಡ್ಸು."

ಅತ್ತೆಗೂ ಅವರಿಗೂ ನೆಂಟಸ್ತಿಕೆ ಇದೆಯೇನೋ ಎಂದು ಒಂದು ಗಳಿಗೆ ಅನುಮಾನ ಬಂತು.

ಶೇಕಡಾನ ಭಾಗ್ಯ ನೋಡಿ. ಎಳೆದವನು ನಾನು, ಬೆಳೆದವನು ಅವನು. ಮತ್ತೆ ಸಮೀಕ್ಷೆ ಮಾಡಿದ. ಕಾನೂನು ಇರಲಿ ಅನ್ನುವವರು ಅರವತ್ತಿದ್ದವರು ಎಪ್ಪತ್ತಾದರು. ಕಾನೂನಿನ ಪ್ರೀತಿಗಲ್ಲ, ಕೋರ್ಟಿನ ಮೇಲಿನ ಮುನಿಸಿಗೆ. ದಿನಾ ಟಿವಿ, ದಿನಾ ಹೊಸ ಕೋಟು. ಅತ್ತೆಯ ಮನೆಯಲ್ಲಿ ಅವನಿಗೆ ಕಾಫಿಯ ಜೊತೆ ಎರಡು ಬಿಸ್ಕತ್ತು, ನನಗೆ ಬರೀ ತಟ್ಟೆ. ಅಣ್ಣಾ, ನೀವೂ ಒಂದು ಸಲ ಟಿವಿಗೆ ಬನ್ನಿ, ಜನ ನಿಮ್ಮ ಕೈ ನೋಡಿದ್ದಾರೆ ಎಂದ. ಹೊಗಳಿದನೋ ಹಂಗಿಸಿದನೋ ಎಂದು ಯೋಚಿಸುತ್ತಾ ನಾನು ನನ್ನ ಪಾಲಿನದ್ದಲ್ಲದ ಬಿಸ್ಕತ್ತೊಂದನ್ನು ತಿಂದುಬಿಟ್ಟೆ.

ನಾದಿನಿ ಮಾತ್ರ ಆ ದಿನಗಳಲ್ಲಿ ಸೊರಗಿದಳು. ಒಂದು ಸಂಜೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದಳು, "ಭಾವ, ತಮಾಷೆ ಬೇಡ. ನಿಜವಾಗ್ಲೂ ಕಾನೂನು ಬೀಳುತ್ತಾ?" ಕುತ್ತಿಗೆ ಹಾಗಂತಿದೆ ಎಂದೆ. ಅವಳು ತಲೆಯಾಡಿಸಿ ಹೋದಳು. ಎಲುಬಿನ ಚಿತ್ರ ತೆಗೆಯುವವಳು, ಕುತ್ತಿಗೆಯ ವಿದ್ಯೆಯನ್ನು ಎಷ್ಟು ನಂಬಿದಳೋ ಗೊತ್ತಿಲ್ಲ.

ತೀರ್ಪಿನ ದಿನ ನಾನು ತೋಳಿಗೆ ಗಂಜಿ ಹಾಕಿಸಿ, ಮುಟ್ಟಿದರೆ ಕೈ ಕುಯ್ಯುವ ಹಾಗೆ ಇಸ್ತ್ರಿ ಮಾಡಿಸಿಕೊಂಡು ಹೋದೆ. ಐವರೂ ಕೂತರು. ದೊಡ್ಡ ಸಾಹೇಬರ ಕುತ್ತಿಗೆ ಕೆಂಪಗೆ, ಬಿಗಿಯಾಗಿ, ನಾನು ಹೇಳಿದಂತೆಯೇ ಇತ್ತು. ಗೆದ್ದೆ ಎಂದುಕೊಂಡೆ. ಅವರು ಓದಲು ಶುರು ಮಾಡಿದರು. ಸಮಾಜ ಒಪ್ಪಲು ಸಿದ್ಧವಿಲ್ಲದ್ದನ್ನು ಕೋರ್ಟು ಹೇರಿದರೆ ಆ ತೀರ್ಪು ಕಾಗದದ ಮೇಲಷ್ಟೇ ಉಳಿಯುತ್ತದೆ, ಬದಲಾವಣೆ ಶಾಸನಸಭೆಯಿಂದ ಬರಲಿ, ಈ ಕಾನೂನು ಉಳಿಯಲಿ ಎಂಬುದು ತಮ್ಮ ಅಭಿಪ್ರಾಯ ಎಂದರು.

ಮೊದಲ ಸಾಲಿನಲ್ಲಿ ಶೇಕಡಾ ಗುಂಡಿ ಮುಟ್ಟಿಕೊಂಡ.

ಆಮೇಲೆ ದೊಡ್ಡ ಸಾಹೇಬರು ತಣ್ಣಗೆ ಸೇರಿಸಿದರು: ಆದರೆ ಇದು ಅಲ್ಪಮತ. ಉಳಿದವರಲ್ಲಿ ಮೂವರದ್ದು ಬಹುಮತ. ಅವರ ಪೈಕಿ ಹಿರಿಯರಾದ ಮಹಿಳಾ ನ್ಯಾಯಮೂರ್ತಿ, ನಾವು ಅಮ್ಮನವರು ಎನ್ನುವವರು, ಓದಿದರು. ಎಷ್ಟು ಜನ ಒಪ್ಪುತ್ತಾರೆ ಎಂದು ಎಣಿಸಿ ಕೊಡುವುದಾದರೆ ಅದಕ್ಕೆ ಹಕ್ಕು ಎಂಬ ಹೆಸರೇ ಬೇಡ, ವಯಸ್ಸಿಗೆ ಬಂದವರ ಮದುವೆಗೆ ಇನ್ನೊಬ್ಬರ ಸಹಿ ಕೇಳುವ ಕಾನೂನು ಇವತ್ತಿಗೆ ಮುಗಿಯಿತು ಎಂದರು. ಮೂವರು ಆ ಕಡೆ, ಇಬ್ಬರು ಈ ಕಡೆ. ಅಮ್ಮನವರ ಕುತ್ತಿಗೆಯ ಮೇಲೆ ಕೂದಲ ಗಂಟು ಇದ್ದದ್ದರಿಂದ ನನಗೆ ಎಂದೂ ಏನೂ ಕಂಡಿರಲಿಲ್ಲ. ಅದು ನನ್ನ ವಿದ್ಯೆಯ ತಪ್ಪಲ್ಲ.

ಕೋರ್ಟು ಜನರ ವಿರುದ್ಧ ಹೋಗುವುದಿಲ್ಲ ಎಂದವನು ಸೋತ. ಐವರೂ ಒಂದೇ ಬಾಯಿ, ದೊಡ್ಡ ಸಾಹೇಬರದೇ ಕೈ ಎಂದವನು ಗೆಲ್ಲಲಿಲ್ಲ. ಸೋತೆ ಎಂಬ ಪದ ನನ್ನ ಬಾಯಲ್ಲಿ ಬರುವುದಿಲ್ಲ.

ಮುಂದಿನ ವಾರಗಳಲ್ಲಿ ಊರು ಕುದಿಯಿತು. ಶೇಕಡಾನ ಕಂಬ ಎಪ್ಪತ್ತು ದಾಟಿ ಛಾವಣಿ ಮುಟ್ಟಿತು. ಫಲಕಗಳು, ಮೆರವಣಿಗೆಗಳು. ಕನ್ನಡಕದಂಗಡಿಯ ಗಾಜಿಗೆ ಯಾರೋ ಮಸಿ ಬಳಿದರು. ಹುಡುಗ ಅದನ್ನು ತೊಳೆದು, ಆ ದಿನ ಬಂದ ಗಿರಾಕಿಗಳಿಗೆಲ್ಲ ಎಂದಿನಂತೆ ಕಣ್ಣು ಪರೀಕ್ಷೆ ಮಾಡಿದ. ಅದನ್ನು ಅತ್ತೆಗೆ ಹೇಳಿದವಳು ಪಕ್ಕದ ಮನೆಯವಳೇ.

ಆ ಭಾನುವಾರ ನಾವೆಲ್ಲ ಇದ್ದಾಗಲೇ ಆಕೆ ಕಾಂಪೌಂಡಿನ ಮೇಲಿಂದ ತಲೆ ಹಾಕಿ, ಏನ್ರೀ, ನಿಮ್ಮ ಚಿಕ್ಕವಳ ವಿಷಯ ಹಾಗಾದ್ರೆ ಎಂದು ಎಳೆದಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಹೇಳಿದರು, "ನಾವೇನ್ ಮಾಡೋಕಾಗುತ್ತೆ ಹೇಳಿ. ಕೋರ್ಟೇ ಹಾಗಂದ್ಮೇಲೆ."

ಪಕ್ಕದ ಮನೆಯವಳು ನಿಟ್ಟುಸಿರು ಬಿಟ್ಟು, ಅದೂ ಸರಿಯೇ, ನಮ್ಮ ಕೈಲಿ ಏನಿದೆ ಎಂದಳು. ಇಬ್ಬರೂ ಸೇರಿ ಕೋರ್ಟನ್ನು ಸ್ವಲ್ಪ ಹೊತ್ತು ಬೈದರು. ಬಹಳ ಸಂತೋಷವಾಗಿ ಬೈದರು. ಅತ್ತೆ ಒಳಗೆ ಬಂದಾಗ ಅವರ ಮುಖ ಹತ್ತು ವರ್ಷ ಚಿಕ್ಕದಾಗಿತ್ತು.

ಶೇಕಡಾ ಲೋಟ ಕೆಳಗಿಟ್ಟ. "ಅತ್ತೆ, ಮತ್ತೆ ನಮ್ಮ ಆಫೀಸಿನ ಹುಡುಗಿ ಫೋನ್ ಮಾಡಿ ಕಾನೂನು ಇರ್ಲಾ ಬೇಡ್ವಾ ಅಂತ ಕೇಳಿದಾಗ ಗೊತ್ತಿಲ್ಲ ಅಂದ್ರಂತೆ. ಈ ಸಲಾನೂ."

ಆಗ ಹೊರಬಂತು: ಅವನ ಖಾಯಂ ಜನರ ಗುಂಪಿನಲ್ಲಿ ನಮ್ಮ ಅತ್ತೆಯೂ ಒಬ್ಬರು. ಸ್ವಂತ ಅತ್ತೆಯನ್ನೇ ದೇಶದ ಜನ ಎಂದು ಎಣಿಸಿದ ಮಹಾನುಭಾವ! ನಾನು ಎದೆಯುಬ್ಬಿಸಿ, ಇದೇನಾ ನಿನ್ನ ಸಮೀಕ್ಷೆ, ಇದನ್ನು ಕೋರ್ಟಿನಲ್ಲಿ ಓದಿಸಿದೆಯಾ ಎಂದು ಹಾರಾಡಿದೆ. ಅವನ ಕಿವಿ ಕೆಂಪಾಯಿತು. ಶುರುವಿನಲ್ಲಿ ಜನ ಸಿಗದೆ ಸೇರಿಸಿಕೊಂಡಿದ್ದೆ, ತೆಗೆಯಲು ಮನಸ್ಸು ಬರಲಿಲ್ಲ ಎಂದು ತೊದಲಿದ. ಆದರೆ ಒಳಗೊಳಗೇ ನನ್ನನ್ನು ಸುಡುತ್ತಿದ್ದದ್ದು ಬೇರೆ. ಇಷ್ಟು ದಿನ ತಿಂಗಳು ತಿಂಗಳೂ ಇವರಿಗೆ ಅವನ ಕಚೇರಿಯಿಂದ ಫೋನು ಹೋಗುತ್ತಿತ್ತು, ನನಗೆ ಒಂದು ಮಾತೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ.

ಅತ್ತೆ ನನ್ನನ್ನು ನೋಡಿದರು. ಕೋಪವಿರಲಿಲ್ಲ. "ಕೋರ್ಟು ಏನಂತು ಅಂತ ನೀವು ದಿನಾ ಹೇಳೋರು. ನಾನೇನಂತೀನಿ ಅಂತ ಯಾವತ್ತಾದ್ರೂ ಕೇಳಿದ್ರಾ? ಅವನು ಕೇಳಿಸ್ತಿದ್ದ. ಗೊತ್ತಿಲ್ಲ ಅಂದ್ರೂ ಬರ್ಕೋತಿದ್ರು."

ನಾನು ನನ್ನ ಮಡಚುವ ಕುರ್ಚಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ.

ನೋಂದಣಿ ಕಚೇರಿಗೆ ನಾದಿನಿ ಯಾರನ್ನೂ ಕರೆದಿರಲಿಲ್ಲ. ಆದರೂ ನಾವೆಲ್ಲ ಹೋದೆವು, ಅತ್ತೆ ಎಲ್ಲರಿಗಿಂತ ಮುಂದೆ. ಸಣ್ಣ ಕೋಣೆ, ಗೋಡೆಗೆ ತಾಗಿದ ಬೆಂಚು, ಮೇಜಿನ ಹಿಂದೆ ನಿದ್ದೆಗಣ್ಣಿನ ಅಧಿಕಾರಿ. ಹುಡುಗ ಹುಡುಗಿ ಸಹಿ ಹಾಕಿದರು. ಅತ್ತೆ ಕೈಚೀಲದಿಂದ ಮಾವನ ಪೆನ್ನು ತೆಗೆದು, ನಂದೆಲ್ಲಿ ಹಾಕಲಿ ಎಂದರು.

ಅಧಿಕಾರಿ, ಹಿರಿಯರ ಸಹಿ ಈಗ ಬೇಕಾಗಿಲ್ಲಮ್ಮ, ಕೋರ್ಟು ತೆಗೆದುಹಾಕಿದೆ ಎಂದ.

"ಬೇಕಾಗಿಲ್ಲ ಅಂತ ನಂಗೂ ಗೊತ್ತು," ಎಂದರು ಅತ್ತೆ. "ಅದಕ್ಕೇ ಬಂದಿರೋದು. ಎಲ್ಲಿ ಹಾಕ್ಲಿ?"

ಅವನು ಜಾಗವಿಲ್ಲ ಎಂದ. ಜಾಗ ಮಾಡು ಎಂದರು. ಇಡೀ ಊರು ಕಣ್ಣಿಟ್ಟು ನೋಡುತ್ತಿದ್ದಾಗ ಬಾರದ ಸಹಿ, ಯಾರೂ ಕೇಳದೆ ಇದ್ದಾಗ ಹಟ ಹಿಡಿದು ಕೂತಿತು. ಕೊನೆಗೆ ಸಾಕ್ಷಿಗಳ ಸಾಲು ತೋರಿಸಿದ. ಆ ಸಾಲು ನನಗೂ ಶೇಕಡಾನಿಗೂ ಮೀಸಲು ಎಂದು ನಾವಿಬ್ಬರೂ ಬೆಳಿಗ್ಗೆಯಿಂದ ಮೊದಲು ಯಾರು ಎಂದು ಕಚ್ಚಾಡುತ್ತಿದ್ದೆವು. ಅತ್ತೆ ಎರಡೂ ಸಾಲು ತುಂಬುವಷ್ಟು ದೊಡ್ಡದಾಗಿ ಹಾಕಿಬಿಟ್ಟರು. ನಾದಿನಿ ಅಳುತ್ತಾ ನಕ್ಕಳು. ಅಧಿಕಾರಿ ತಲೆ ಚಚ್ಚಿಕೊಂಡು ಇನ್ನೊಂದು ಹಾಳೆ ತಂದ.

ಮನೆಗೆ ಬಂದೆವು. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಬಟ್ಟೆ ಇರಲಿಲ್ಲ. ಒರೆಸಿ, ಹೊಸ ದಿಂಬು ಹಾಕಿತ್ತು. ನಾನು ಶೇಕಡಾನನ್ನು ನೋಡಿದೆ, ಅವನು ನನ್ನನ್ನು. ಮಾತು ನಿಜವಾದವರು ಯಾರೂ ಇಲ್ಲವಾದರೂ, ದೊಡ್ಡ ಅಳಿಯ ಎಂಬ ಲೆಕ್ಕವೊಂದಿದೆಯಲ್ಲ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವನೂ ಇಟ್ಟ.

"ಬಾಪ್ಪ, ಕೂತ್ಕೋ," ಎಂದರು ಅತ್ತೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕನ್ನಡಕದವನಿಗೆ.

ನನಗೂ ಶೇಕಡಾನಿಗೂ ಒಂದೇ ಅಭಿಪ್ರಾಯ ಬಂದದ್ದು ಅದೇ ಮೊದಲು. ನೂರಕ್ಕೆ ನೂರು. ಅವನು ನನ್ನ ಕಿವಿಯಲ್ಲಿ, "ನೋಡಿದ್ರಾ ಅಣ್ಣಾ, ಈಗ ಬಂದವನು," ಎಂದ. ನನ್ನ ಜೀವಮಾನದಲ್ಲಿ ಅವನ ಮೇಲೆ ಅಷ್ಟು ಪ್ರೀತಿ ಹುಟ್ಟಿದ್ದಿಲ್ಲ.

ಹುಡುಗ ಸಂಕೋಚದಿಂದ ಬಂದ. ಕುರ್ಚಿ ಕಿಟಕಿಗೆ ತೀರ ಒತ್ತಿಕೊಂಡಿತ್ತು. ಯಾರೂ ಹೇಳದೆ ನನ್ನ ಕೈ ಅದರ ಬೆನ್ನ ಮೇಲೆ ಹೋಯಿತು, ಎಳೆಯಿತು. ಅವನು ಅತ್ತೆಗೆ ಕೈ ಮುಗಿದು, ಕಣ್ಣು ಅವರ ಮೇಲೇ ಇಟ್ಟು, ಹಿಂದೆ ತಿರುಗಿ ನೋಡದೆ ಕೂರಲು ಬಾಗಿದ. ಅವನಿಗೆ ಈ ಪಾಠ ಯಾರು ಹೇಳಿಕೊಟ್ಟರೋ.

ನನ್ನ ಕೈಯಲ್ಲಿ ಕುರ್ಚಿ. ಇನ್ನೊಂದು ಗೇಣು ಹಿಂದಕ್ಕೆ ಎಳೆದರೆ ಸಾಕು, ಅಳಿಯಂದಿರ ಲೆಕ್ಕ ಸರಿಹೋಗುತ್ತಿತ್ತು. ಶೇಕಡಾನ ಕಣ್ಣು ನನ್ನ ಕೈ ಮೇಲಿತ್ತು, ಬೇಡ ಎನ್ನುತ್ತಿರಲಿಲ್ಲ. ಆ ಒಂದು ಗಳಿಗೆಯಲ್ಲಿ ನಾನು ಐವರು ನ್ಯಾಯಮೂರ್ತಿಗಳು ಇಡೀ ವರ್ಷ ಯೋಚಿಸುವಷ್ಟು ಯೋಚಿಸಿದೆ.

ಮುಂದಕ್ಕೆ ತಳ್ಳಿದೆ. ಅವನು ಸರಿಯಾಗಿ ನಡುವೆ ಕೂತ.

ಅತ್ತೆ ಇಷ್ಟು ಹೊತ್ತೂ ನನ್ನ ತೋಳನ್ನೇ ನೋಡುತ್ತಿದ್ದರು. ಒಳಗೆ ಹೋಗಿ ಕಾಫಿ ತಂದರು. ನನ್ನ ಲೋಟ ಕೈಗೆ ಕೊಡುತ್ತಾ, "ಈ ಮದ್ವೆ ಬಗ್ಗೆ ನಿಮಗೇನನ್ಸುತ್ತೆ?" ಎಂದು ಕೇಳಿದರು. ಲೋಟದೊಳಗೆ ನೋಡಿದೆ. ಕೆನೆ ಇತ್ತು, ಶೇಕಡಾನ ಲೋಟದಲ್ಲಿ ಇದ್ದದ್ದಕ್ಕಿಂತ ದಪ್ಪನೆಯದು. ಹೊಸ ಅಳಿಯನ ಲೋಟ ಮಾತ್ರ ಉದ್ದನೆಯದು, ಅದರೊಳಗೆ ಎಷ್ಟಿದೆ ಎಂದು ನಾನು ನಿಂತಲ್ಲಿಂದ ಕಾಣಲಿಲ್ಲ. ನೋಡಲು ಸ್ವಲ್ಪ ಮುಂದೆ ಬಾಗಿದೆ. ಪಕ್ಕದಲ್ಲಿ ಶೇಕಡಾನೂ ಬಾಗಿದ.